ಕಿತ್ತೂರಿನಿಂದ ಬೈಲಹೊಂಗಲಕ್ಕೆ ಎಷ್ಟು ದೂರ?

ಬೆಳಗಾವಿ–ಧಾರವಾಡ ಹೆದ್ದಾರಿಯಲ್ಲಿ ಹೋಗುವ ಪ್ರವಾಸಿಗರಿಗೆ ಕಿತ್ತೂರು ಒಂದು ತಾಸಿನ ಊರು. ಕೋಟೆಯ ಬಾಗಿಲು ದಾಟಿ, ಪಾಳುಬಿದ್ದ ವಾಡೆಯನ್ನು ಸುತ್ತಿ, ಧ್ರುವನಕ್ಷತ್ರ ನೋಡಲೆಂದು ಮಾಡಿದ ಕಿಂಡಿಗೆ ಹಗಲಿನಲ್ಲೇ ಕಣ್ಣಿಟ್ಟು, ವಸ್ತುಸಂಗ್ರಹಾಲಯದಲ್ಲಿ ಒಂದು ಸುತ್ತು ಹಾಕಿ ಗಾಡಿ ಹತ್ತಿದರೆ ಇತಿಹಾಸ ಮುಗಿಯಿತು. ನಾವು ಹೋದಾಗಲೆಲ್ಲ ಕಂಡದ್ದು ಇದನ್ನೇ. ನೋಡಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಈ ನೋಟ ಏನನ್ನು ಬಿಟ್ಟುಬಿಡುತ್ತದೆ ಎಂದು ಕೇಳಿಕೊಳ್ಳಲೇಬೇಕು.

ನಮ್ಮ ಪ್ರವಾಸಿಗರು ಕಿತ್ತೂರಿಗೆ ಬರುವ ಮೊದಲೇ ಕಿತ್ತೂರನ್ನು ನೋಡಿರುತ್ತಾರೆ. 1961ರಲ್ಲಿ ಬಿ.ಆರ್. ಪಂತುಲು ತೆಗೆದ 'ಕಿತ್ತೂರು ಚೆನ್ನಮ್ಮ' ಚಿತ್ರದಲ್ಲಿ ಬಿ. ಸರೋಜಾದೇವಿ ಓಡಾಡಿದ ಅರಮನೆ ಅವರ ಕಣ್ಣಲ್ಲಿದೆ. ಕಪ್ಪ ಕೇಳಿದವನಿಗೆ ರಾಣಿ ಕೊಡುವ ಉತ್ತರವನ್ನು ನಮ್ಮ ಕಡೆ ಶಾಲೆಯ ಗ್ಯಾದರಿಂಗಿನಲ್ಲಿ ಯಾರಾದರೊಬ್ಬ ಹುಡುಗಿ ಹೇಳಲೇಬೇಕು. ಹೀಗಾಗಿ ಬಂದವರು ಆ ಕಂಬಗಳನ್ನು, ಆ ದರಬಾರನ್ನು ಹುಡುಕುತ್ತಾರೆ. ಸಿಗದೆ, "ಏನೂ ಉಳಿದಿಲ್ಲ ಬಿಡ್ರಿ" ಎಂದು ಹೊರಬೀಳುತ್ತಾರೆ. ಯಾಕೆ ಉಳಿದಿಲ್ಲ ಎಂಬ ಪ್ರಶ್ನೆಯಿಂದ ನೋಟ ಶುರುವಾಗಬೇಕಿತ್ತು. ನಮ್ಮಲ್ಲಿ ಅದು ಅಲ್ಲಿಗೇ ಮುಗಿಯುತ್ತದೆ.

ಕೋಟೆಯಲ್ಲಿ ಕೇಳಸಿಗುವ ಕಥೆಯನ್ನೂ ಸ್ವಲ್ಪ ಪರೀಕ್ಷಿಸಬೇಕು. ದತ್ತುಮಗನಿಗೆ ಹಕ್ಕಿಲ್ಲವೆಂದದ್ದು ಡಾಲ್‌ಹೌಸಿಯ ಕಾನೂನು ಎಂದು ಎಷ್ಟೋ ಜನ ಹೇಳುತ್ತಾರೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡದ್ದು 1824ರ ಸೆಪ್ಟೆಂಬರಿನಲ್ಲಿ. ಇದೇ ದೊರೆ 1818ರಲ್ಲಿ ಪೇಶ್ವೆಯ ವಿರುದ್ಧ ಕಂಪನಿಯ ಪಕ್ಷ ವಹಿಸಿದ್ದರು. ಅದಕ್ಕೆ ಪ್ರತಿಯಾಗಿ ಕಂಪನಿ ಅವರಿಗೆ ಸನದು ಕೊಟ್ಟಿತ್ತು. ಆರೇ ವರ್ಷದಲ್ಲಿ ಕಂಪನಿ ತನ್ನ ಮಾತನ್ನು ತಾನೇ ಮುರಿಯಿತು. ಇದನ್ನು ಹೇಳಿದರೆ ಚೆನ್ನಮ್ಮನ ಕೀರ್ತಿಗೆ ಕುಂದು ಬರುವುದಿಲ್ಲ. ತನ್ನ ಮನೆತನ ನಂಬಿದ್ದ ಬಲಾಢ್ಯರನ್ನೇ ಆಕೆ ಎದುರು ಹಾಕಿಕೊಂಡಳು ಎಂಬುದು ಆಗ ತಿಳಿಯುತ್ತದೆ.

1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಸತ್ತ. ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ರಾಣಿಗೆ ಸೆರೆಸಿಕ್ಕರು. ಜೀವಸಹಿತ ಬಿಡುಗಡೆಯಾದ ವಾಲ್ಟರ್ ಎಲಿಯಟ್ ಮುಂದೆ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿ ಸಂಗ್ರಹಿಸಿದ. ಇಂಥ ಸಂಗತಿಯನ್ನು ಹೇಳುವವರು ಕಡಿಮೆ. ದ್ರೋಹಿಗಳ ಕಥೆ ಮಾತ್ರ ಎಲ್ಲರಿಗೂ ಬಾಯಿಪಾಠ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯ, ದೊಡ್ಡ ತೋಪುಗಳೊಂದಿಗೆ ಬಂದು ಕೋಟೆ ಹಿಡಿಯಿತು. ಜನರ ಬಾಯಲ್ಲಿ ಸೋಲಿನ ಕಾರಣವೆಲ್ಲ ಮದ್ದಿನಲ್ಲಿ ಸಗಣಿ ಬೆರೆಸಿದ ಒಳಗಿನವರ ಮೇಲೆ ಬಿದ್ದಿದೆ. ದ್ರೋಹ ನಡೆದೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಪ್ರತಿ ಸೋಲಿಗೂ ಒಳಗಿನವನೊಬ್ಬನನ್ನು ಹುಡುಕಿ ಬೆರಳು ತೋರಿಸುವ ಚಟ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಆ ಬೆರಳು ಯಾರತ್ತ ತಿರುಗುತ್ತದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೋಟೆ ಬಿದ್ದ ಮೇಲೆ ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. ನಾಲ್ಕು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿದ್ದು 1829ರ ಫೆಬ್ರವರಿಯಲ್ಲಿ ಆಕೆ ಅಲ್ಲೇ ತೀರಿಕೊಂಡಳು. ಸಮಾಧಿ ಇರುವುದೂ ಅಲ್ಲೇ. ಕಿತ್ತೂರಿನಿಂದ ಬೈಲಹೊಂಗಲ ಬಸ್ಸಿನಲ್ಲಿ ಹೋದರೂ ದೂರದ ಊರಲ್ಲ. ಆದರೂ ಕಿತ್ತೂರು ನೋಡಿದ ಹೆಚ್ಚಿನವರು ಅತ್ತ ಹೋಗುವುದಿಲ್ಲ. ಒಂದು ದಿನದ ಗೆಲುವು ನೋಡಲು ತಾಸು ಕೊಡುವವರು ನಾಲ್ಕು ವರ್ಷದ ಸೆರೆಗೆ ಹತ್ತು ನಿಮಿಷ ಕೊಡುವುದಿಲ್ಲ.

ಉರ್ದುವಿನಲ್ಲಿ ಸುತ್ತಾಟಕ್ಕೆ 'ಸೈರ್' ಎನ್ನುತ್ತಾರೆ, ಗೋರಿಯ ದರ್ಶನಕ್ಕೆ 'ಜಿಯಾರತ್' ಎನ್ನುತ್ತಾರೆ. ಪಾಳುಬಿದ್ದುದನ್ನು ಕಂಡು ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಪಾಠಕ್ಕೆ 'ಇಬ್ರತ್' ಎಂಬ ಇನ್ನೊಂದು ಮಾತಿದೆ. ನಮ್ಮ ಪ್ರವಾಸೋದ್ಯಮಕ್ಕೆ ಗೊತ್ತಿರುವುದು ಸೈರ್ ಮಾತ್ರ. ಉಳಿದೆರಡೂ ಜನಸಾಮಾನ್ಯರಿಗೆ ಗೊತ್ತು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಿಲ್ಲದ ತಾಯಂದಿರು ಇಂದಿಗೂ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಇತಿಹಾಸದ ಪುಸ್ತಕ ಓದದ ಆ ತಾಯಂದಿರು ಸತ್ತವನೊಂದಿಗೆ ಸಂಬಂಧ ಉಳಿಸಿಕೊಂಡಿದ್ದಾರೆ.

ಸವದತ್ತಿ, ರಾಮದುರ್ಗಗಳ ಪಾಡು ಬೇರೆ. ಸವದತ್ತಿಗೆ ಬರುವ ಲಕ್ಷಗಟ್ಟಲೆ ಜನ ಎಲ್ಲಮ್ಮನ ಭಕ್ತರು. ಇದು ಒಂದು ಕಾಲಕ್ಕೆ ರಟ್ಟರ ರಾಜಧಾನಿಯಾಗಿತ್ತೆಂದು ಕೇಳುವವರಿಲ್ಲ. ಆದರೂ ಅವರು ಅಮ್ಮನ ನೆಂಟರಾಗಿ ಬರುತ್ತಾರೆ, ಗಿರಾಕಿಗಳಾಗಿ ಅಲ್ಲ. ರಾಮದುರ್ಗಕ್ಕೆ ಇತಿಹಾಸ ನೋಡಲೆಂದು ಬರುವವರೇ ಅಪರೂಪ. 1939ರ ಏಪ್ರಿಲ್ 7ರಂದು ಅಲ್ಲಿನ ಪ್ರಜೆಗಳು ಸಂಸ್ಥಾನದ ಜೈಲಿಗೆ ನುಗ್ಗಿದರು, ಪೊಲೀಸರು ಸತ್ತರು, ಆಮೇಲೆ ಕಠಿಣ ಶಿಕ್ಷೆಗಳಾದವು. ಅಲ್ಲಿ ಜನ ಎದ್ದದ್ದು ನಮ್ಮವನೇ ಆದ ರಾಜನ ಆಡಳಿತದ ವಿರುದ್ಧ. ನಮ್ಮ ದೊರೆ ಒಳ್ಳೆಯವನು, ಹೊರಗಿನವನು ಕೆಟ್ಟವನು ಎಂಬ ಕಥೆಗೆ ರಾಮದುರ್ಗ ಒಗ್ಗುವುದಿಲ್ಲ. ಬಹುಶಃ ಅದಕ್ಕೇ ಅದನ್ನು ಯಾವ ಪ್ರವಾಸಿ ನಕಾಶೆಯೂ ಎತ್ತಿ ತೋರಿಸುವುದಿಲ್ಲ.

ಕಿತ್ತೂರಿನ ಅರಮನೆಯ ಪ್ರತಿಕೃತಿ ಕಟ್ಟುವ ಸರ್ಕಾರದ ಯೋಜನೆ 2022ರ ಸುಮಾರಿಗೆ ದೊಡ್ಡ ಚರ್ಚೆಯಾಯಿತು. ಅದು ಕಿತ್ತೂರಿನಲ್ಲೇ ಆಗಬೇಕು, ಬೇರೆ ಊರಿನಲ್ಲಿ ಬೇಡ ಎಂದು ಸ್ಥಳೀಯರು ಹೋರಾಟಕ್ಕಿಳಿದರು. ಊರಿಗೆ ಜನ ಬರಲಿ, ವ್ಯಾಪಾರ ಆಗಲಿ ಎಂಬ ಅವರ ಆಸೆ ನ್ಯಾಯವಾದದ್ದೇ. ಆದರೆ ಎಲ್ಲಿ ಎಂಬ ಜಗಳದಲ್ಲಿ ಯಾಕೆ ಎಂಬ ಪ್ರಶ್ನೆ ಕೇಳಿಸದೇ ಹೋಯಿತು. ಹೊಸ ಅರಮನೆ ಎದ್ದರೆ ಪ್ರವಾಸಿಗನಿಗೆ ಸಿನಿಮಾದ ಅರಮನೆ ಸಿಕ್ಕೀತು. ಮುರಿದ ಗೋಡೆಗಳು ಹೇಳುವ ಸಂಗತಿಯನ್ನು ಅದು ಹೇಳಲಾರದು. ಆ ಹಣದ ಒಂದು ಪಾಲು ಇರುವ ಗೋಡೆಗಳನ್ನು ಕಾಯಲು, ಊರಿನ ಹುಡುಗ ಹುಡುಗಿಯರಿಗೆ ಸರಿಯಾದ ಇತಿಹಾಸ ಕಲಿಸಿ ಅವರನ್ನೇ ಮಾರ್ಗದರ್ಶಿಗಳನ್ನಾಗಿ ಮಾಡಲು, ಕೋಟೆಯ ಬಾಗಿಲಲ್ಲಿ ಬೈಲಹೊಂಗಲದ ದಾರಿ ತೋರಿಸಲು ಸಾಕಾಗುತ್ತದೆ.

2024ರಲ್ಲಿ ಕಿತ್ತೂರಿನ ವಿಜಯಕ್ಕೆ ಇನ್ನೂರು ವರ್ಷ ತುಂಬಿತು. ಉತ್ಸವ ಜೋರಾಗಿಯೇ ನಡೆಯಿತು. 2029ಕ್ಕೆ ರಾಣಿ ಸೆರೆಯಲ್ಲಿ ತೀರಿಕೊಂಡು ಇನ್ನೂರು ವರ್ಷವಾಗುತ್ತದೆ. ಆ ಫೆಬ್ರವರಿಯಲ್ಲಿ ಬೈಲಹೊಂಗಲಕ್ಕೆ ಎಷ್ಟು ಗಾಡಿಗಳು ಹೋಗುತ್ತವೆ ಎಂಬುದನ್ನು ನೋಡಬೇಕು.