ಆನಿಕೆ ಇಲ್ಲದ ಪ್ಲಸ್: ಮನೆಯಲ್ಲಿ ಮಾಡುವ ಡಿ-ಪ್ಯಾಡ್‌ಗಳ ಒಂದು ವಿಮರ್ಶೆ

2017ರ ಮಾರ್ಚ್‌ನಲ್ಲಿ ನಿಂಟೆಂಡೊ ಸ್ವಿಚ್ ಎಂಬ ಗೇಮ್ ಯಂತ್ರ ಬಂದಾಗ ಅದರ ಎಡಗೈ ಜಾಯ್-ಕಾನ್‌ನಲ್ಲಿ, ಎಂದರೆ ಕಳಚಬಹುದಾದ ಕಂಟ್ರೋಲರ್‌ನಲ್ಲಿ, ದಿಕ್ಕು ಒತ್ತುವ ಪ್ಲಸ್ ಆಕಾರದ ಡಿ-ಪ್ಯಾಡ್ ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ನಾಲ್ಕು ಬಿಡಿ ಗುಂಡು ಬಟನ್‌ಗಳು ಕೂತಿದ್ದವು. ಕೈಯಲ್ಲಿ ಹಿಡಿದು ಆಡುವ ಯಂತ್ರಗಳಿಗೆ ಪ್ಲಸ್ ಆಕಾರದ ಬಟನ್ ಕೊಟ್ಟಿದ್ದ ಕಂಪನಿಯೇ ಈ ಸಲ ಅದನ್ನು ಬಿಟ್ಟಿತ್ತು. ಆಗಿನಿಂದ ಈ ಕೊರತೆಯನ್ನು ಆಟಗಾರರೇ ತುಂಬಿಕೊಳ್ಳುತ್ತಿದ್ದಾರೆ. ಕೆಲವರು ತ್ರೀಡಿ ಪ್ರಿಂಟರ್‌ನಲ್ಲಿ ಪ್ಲಸ್ ಮುದ್ರಿಸಿ ಬಟನ್‌ಗಳ ಮೇಲೆ ಅಂಟಿಸುತ್ತಾರೆ. ಕೆಲವರು ಎಂ-ಸೀಲ್‌ನಂಥ ಎಪಾಕ್ಸಿಯನ್ನು ಕೈಯಲ್ಲೇ ತಿದ್ದಿ ಕೂರಿಸುತ್ತಾರೆ. ಇನ್ನು ಕೆಲವರು ಜಾಯ್-ಕಾನ್ ಬಿಚ್ಚಿ ಅದರ ಹೊರಕವಚವನ್ನೇ ಬದಲಿಸುತ್ತಾರೆ. ಈ ಕೆಲಸವನ್ನು ನಾನು ತುಂಬ ಮೆಚ್ಚುತ್ತೇನೆ. ಮೆಚ್ಚುವುದರಿಂದಲೇ ಅದನ್ನು ಗಟ್ಟಿಯಾಗಿ ಪರೀಕ್ಷಿಸಬೇಕು ಅನಿಸುತ್ತದೆ. ಕೈಯಿಂದ ಮಾಡಿದ್ದು ಎಂಬ ಒಂದೇ ಕಾರಣಕ್ಕೆ ಹೊಗಳಿ ಸುಮ್ಮನಾದರೆ ಮಾಡಿದವರ ಶ್ರಮಕ್ಕೆ ಅನ್ಯಾಯವಾಗುತ್ತದೆ. ಮನೆಯಲ್ಲಿ ತಯಾರಾಗುವ ಡಿ-ಪ್ಯಾಡ್‌ಗಳಲ್ಲಿ ಬಹುಪಾಲು ನೋಡಲು ಡಿ-ಪ್ಯಾಡ್, ಒತ್ತಿದರೆ ಮಾತ್ರ ಮತ್ತದೇ ನಾಲ್ಕು ಬಟನ್. ಇದು ಯಾಕೆ ಹೀಗೆ ಎಂಬುದೇ ಇಲ್ಲಿ ನನ್ನ ಪ್ರಶ್ನೆ.

ಉತ್ತರ ಸಿಗಬೇಕಾದರೆ ಮೂಲಕ್ಕೆ ಹೋಗಬೇಕು. 1982ರಲ್ಲಿ ನಿಂಟೆಂಡೊದ ಗುನ್‌ಪೇ ಯೊಕೊಯಿ ಡಾಂಕಿ ಕಾಂಗ್ ಆಟವನ್ನು ಗೇಮ್ ಅಂಡ್ ವಾಚ್ ಸಾಲಿನ ಮಡಚುವ ಪುಟ್ಟ ಯಂತ್ರಕ್ಕೆ ತರಬೇಕಾಗಿತ್ತು. ಆರ್ಕೇಡಿನಲ್ಲಿದ್ದಂತೆ ಜಾಯ್‌ಸ್ಟಿಕ್ ನಿಲ್ಲಿಸಿದರೆ ಮುಚ್ಚಳ ಮುಚ್ಚುವುದಿಲ್ಲ. ನಾಲ್ಕು ಬಿಡಿ ಬಟನ್ ಇಟ್ಟರೆ ಕಣ್ಣು ಪರದೆಯ ಮೇಲಿರುವಾಗ ಹೆಬ್ಬೆರಳಿಗೆ ತಾನು ಎಲ್ಲಿದ್ದೇನೆಂದು ತಿಳಿಯುವುದಿಲ್ಲ. ಈ ಎರಡರ ನಡುವೆ ಹುಟ್ಟಿದ್ದು ಚಪ್ಪಟೆಯಾದ, ಒಂದೇ ತುಂಡಿನ ಪ್ಲಸ್. ಮರುವರ್ಷ ಅದು ಟಿವಿಗೆ ಸಿಕ್ಕಿಸಿ ಆಡುವ ನಿಂಟೆಂಡೊದ ಫ್ಯಾಮಿಕಾಮ್‌ಗೆ ಬಂತು, 1989ರಲ್ಲಿ ಗೇಮ್ ಬಾಯ್‌ಗೆ ಬಂತು. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಲ್ಲಿ ಟಿವಿಗೆ ಸಿಕ್ಕಿಸಿ, ಕ್ಯಾಸೆಟ್ ಹಾಕಿ ಆಡುತ್ತಿದ್ದ ವಿಡಿಯೊ ಗೇಮ್‌ಗಳಲ್ಲಿ ಹೆಚ್ಚಿನವು ಆ ಫ್ಯಾಮಿಕಾಮ್‌ನ ನಕಲುಗಳೇ. ಮಾರಿಯೊ, ಕಾಂಟ್ರಾ ಆಡುತ್ತ ಬೆಳೆದ ನಮ್ಮ ಎಡ ಹೆಬ್ಬೆರಳುಗಳಿಗೆ ಯೊಕೊಯಿಯ ಹೆಸರು ಗೊತ್ತಿರಲಿಲ್ಲ, ಆತನ ಪ್ಲಸ್ ಮಾತ್ರ ಚೆನ್ನಾಗಿ ಗೊತ್ತಿತ್ತು.

ಹಳೆಯ ಕಂಟ್ರೋಲರ್ ಒಂದನ್ನು ಬಿಚ್ಚಿ ನೋಡಿ. ಪ್ಲಸ್‌ನ ಕೆಳಗೆ ರಬ್ಬರಿನ ಪೊರೆ. ಪೊರೆಯಲ್ಲಿ ನಾಲ್ಕು ಗುಳ್ಳೆ, ಪ್ರತಿ ಗುಳ್ಳೆಯ ಒಳಗೆ ವಿದ್ಯುತ್ ಹರಿಸುವ ಇಂಗಾಲದ ಸಣ್ಣ ಬಿಲ್ಲೆ. ಅದರ ಕೆಳಗೆ ಸರ್ಕ್ಯೂಟ್ ಬೋರ್ಡ್. ಗುಳ್ಳೆ ಕುಸಿದು ಬಿಲ್ಲೆ ಬೋರ್ಡಿಗೆ ತಾಗಿದರೆ ಆ ದಿಕ್ಕಿನ ಸಂಪರ್ಕ ಆಯಿತು. ಇಷ್ಟು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬೀಳದೆ ಹೋಗುವುದು ಪ್ಲಸ್‌ನ ನಟ್ಟನಡುವೆ, ಅಡಿಯಲ್ಲಿರುವ ಉಬ್ಬು. ಆ ಉಬ್ಬೇ ಆನಿಕೆ. ಅದರಿಂದಾಗಿ ಪ್ಲಸ್ ಅಂಗಡಿಯ ತಕ್ಕಡಿಯಂತೆ ನಡೆದುಕೊಳ್ಳುತ್ತದೆ: ಒಂದು ತೋಳು ಕೆಳಗಿಳಿದರೆ ಎದುರಿನ ತೋಳು ಮೇಲೇಳಲೇಬೇಕು. ಎಡ ಮತ್ತು ಬಲ ಒಟ್ಟಿಗೆ ಒತ್ತಿಕೊಳ್ಳುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಬಲಕ್ಕೆ ಒತ್ತಿದಾಗ ಮೇಲಿನ ಮತ್ತು ಕೆಳಗಿನ ತೋಳುಗಳು ವಾಲುವ ಗೆರೆಯ ಮೇಲೇ ಇರುವುದರಿಂದ ಅವು ಅಲುಗುವುದೂ ಇಲ್ಲ. ಹೆಬ್ಬೆರಳನ್ನು ಎತ್ತದೆ ಕೆಳಗಿನಿಂದ ಬಲಕ್ಕೆ ಹೊರಳಿಸಿದರೆ ನಡುವಿನ ಓರೆ ದಿಕ್ಕು ತಾನಾಗಿ ಸಿಗುತ್ತದೆ. ಈ ಬಗೆಯ ಸ್ವಿಚ್‌ಗೆ ನಿಂಟೆಂಡೊ 1987ರಲ್ಲಿ ಅಮೆರಿಕದ ಪೇಟೆಂಟ್ ಪಡೆಯಿತು.

ಹಳೆಯ ಆಟಗಳನ್ನು ಬರೆದವರು ಈ ಉಬ್ಬನ್ನು ನಂಬಿ ಬರೆದರು. ಝೆಲ್ಡಾ 2ರಲ್ಲಿ, ಮೂಲ ಯಂತ್ರದಲ್ಲಿ, ಎಡ ಬಲ ಎರಡನ್ನೂ ಹೇಗಾದರೂ ಒಟ್ಟಿಗೆ ಒತ್ತಿದರೆ ನಾಯಕ ಲಿಂಕ್ ನಂಬಲಾಗದ ವೇಗದಲ್ಲಿ ಜಾರಿಕೊಂಡು ಹೋಗುತ್ತಾನೆ. ಅಂಥ ಒತ್ತುವಿಕೆಯನ್ನು ತಡೆಯುವ ಸಾಲು ಆ ಪ್ರೋಗ್ರಾಮಿನಲ್ಲಿಲ್ಲ. ತಡೆಯುವ ಕೆಲಸವನ್ನು ಒಂದು ತುಣುಕು ಪ್ಲಾಸ್ಟಿಕ್ ಮಾಡುತ್ತಿತ್ತು.

ಆಕಾರಕ್ಕೆ ಇದರಲ್ಲಿ ಎಷ್ಟು ಕಡಿಮೆ ಪಾತ್ರ ಎಂಬುದಕ್ಕೆ 1994ರ ಪ್ಲೇಸ್ಟೇಷನ್ ಸಾಕ್ಷಿ. ಅದರ ಕಂಟ್ರೋಲರ್ ಮೇಲೆ ಕಾಣುವುದು ನಾಲ್ಕು ಬೇರೆ ಬೇರೆ ತುಂಡು. ಕವಚ ತೆಗೆದರೆ ಆ ನಾಲ್ಕೂ ಕೆಳಗೆ ಒಂದೇ ಪ್ಲಸ್‌ನ ತೋಳುಗಳು, ನಡುವೆ ಆನಿಕೆಯೂ ಇದೆ. ಜಾಯ್-ಕಾನ್‌ನದು ಬೇರೆಯೇ ಕಥೆ. ಅಲ್ಲಿ ಬಟನ್‌ಗಳು ನಿಜವಾಗಿಯೂ ನಾಲ್ಕು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಇದಕ್ಕೆ ಕಾರಣವಿತ್ತು, ಒಳ್ಳೆಯ ಕಾರಣವೇ. ಎಡ ಜಾಯ್-ಕಾನನ್ನು ಕಳಚಿ ಅಡ್ಡ ಹಿಡಿದು ಪಕ್ಕದಲ್ಲಿ ಕೂತವರ ಕೈಗೆ ಕೊಟ್ಟರೆ ಆ ನಾಲ್ಕೂ ಅವರ ಪಾಲಿಗೆ ಜಿಗಿಯುವ, ಹೊಡೆಯುವ ಬಟನ್‌ಗಳಾಗುತ್ತವೆ. ಒಂದೇ ಯಂತ್ರ ಕೊಂಡ ಮನೆಯಲ್ಲಿ ಇಬ್ಬರು ಆಡಬಹುದು. ನಿಂಟೆಂಡೊದ ಈ ಆಯ್ಕೆಯನ್ನು ನಾನು ತಪ್ಪೆನ್ನಲಾರೆ. ಒಬ್ಬರೇ ಆಡುವವರ ಹೆಬ್ಬೆರಳು ಅದರ ಬೆಲೆ ತೆತ್ತಿತು ಎಂಬುದೂ ಅಷ್ಟೇ ನಿಜ.

ಇನ್ನು ಮನೆಯಲ್ಲಿ ಮಾಡಿದವುಗಳಿಗೆ ಬರೋಣ. ಅತಿ ಹೆಚ್ಚು ಕಾಣಸಿಗುವುದು ಮೇಲೆ ಕೂರಿಸುವ ಟೋಪಿ: ಅಡಿಯಲ್ಲಿ ನಾಲ್ಕು ಗುಳಿ, ಪ್ರತಿ ಗುಳಿಗೂ ಒಂದು ಬಟನ್, ಹಿಡಿದಿಡಲು ಡಬಲ್ ಸೈಡ್ ಟೇಪ್. ಮುದ್ರಿಸಲು ಹೆಚ್ಚು ಹೊತ್ತು ಬೇಡ, ಖರ್ಚೂ ಅತ್ಯಲ್ಪ. ಯಂತ್ರವನ್ನು ಬಿಚ್ಚುವ ಭಯವೂ ಇಲ್ಲ. ಮೊದಲ ಕೆಲವು ನಿಮಿಷ ಇದು ಹೆಬ್ಬೆರಳಿಗೆ ಹಿತವಾಗಿಯೇ ಇರುತ್ತದೆ, ಏಕೆಂದರೆ ನಾಲ್ಕು ಗುಂಡುಗಳ ನಡುವೆ ಹಾರುವುದು ತಪ್ಪುತ್ತದೆ. ಮೋಸ ಗೊತ್ತಾಗುವುದು ಆಟ ಬಿಗಿಯಾದಾಗ. ಆನಿಕೆ ಇಲ್ಲದ ಟೋಪಿ ನಾಲ್ಕು ಬಟನ್‌ಗಳ ಮೇಲೆ ತೇಲುತ್ತಿರುತ್ತದೆ. ಬಲಕ್ಕೆ ಜೋರಾಗಿ ಒತ್ತಿದರೆ ಅದು ವಾಲುವ ಜೊತೆಗೆ ಇಡಿಯಾಗಿ ಕುಸಿಯುತ್ತದೆ, ಮೇಲಿನ ಕೆಳಗಿನ ಬಟನ್‌ಗಳನ್ನೂ ಎಳೆದುಕೊಳ್ಳುತ್ತದೆ. ನೇರ ಓಡಬೇಕಾದ ಮಾರಿಯೊ ಸುಮ್ಮಸುಮ್ಮನೆ ಕುಕ್ಕರಿಸುತ್ತಾನೆ. ಜಾಯ್-ಕಾನ್ ಬಟನ್‌ಗಳ ಓಟ ಬಹಳ ಕಿರಿದು, ಸ್ವಲ್ಪ ಒತ್ತಿದರೂ ಕ್ಲಿಕ್ ಆಗಿಬಿಡುತ್ತವೆ. ಹೀಗಾಗಿ ಟೋಪಿಯ ತಪ್ಪು ಅಲ್ಲಿ ಇನ್ನೂ ಬೇಗ ಹೊರಬೀಳುತ್ತದೆ. ಎಪಾಕ್ಸಿಯಲ್ಲಿ ಮಾಡಿದವುಗಳಿಗೂ ಇದೇ ರೋಗ, ಜೊತೆಗೆ ತೋಳುಗಳ ಎತ್ತರ ಒಂದೇ ಸಮ ಬರುವುದಿಲ್ಲ. ಅವುಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ.

ಇದಕ್ಕೆ ಪರಿಹಾರ ಜಾಯ್-ಕಾನ್‌ನಲ್ಲೇ ಇದೆ ಎಂಬುದು ನನಗೆ ಈ ಇಡೀ ಕಸುಬಿನಲ್ಲಿ ಅತ್ಯಂತ ಸಂತೋಷ ಕೊಡುವ ಸಂಗತಿ. ನಾಲ್ಕು ಬಟನ್‌ಗಳ ನಡುವೆ ಕವಚದ ಚಪ್ಪಟೆ ಜಾಗ ಖಾಲಿ ಬಿದ್ದಿದೆ. ಟೋಪಿಯ ಅಡಿಯಲ್ಲಿ ಅರೆಗುಂಡಿನ ಉಬ್ಬೊಂದನ್ನು ಮುದ್ರಿಸಿ, ಅದು ಆ ಜಾಗದ ಮೇಲೆ ನಿಲ್ಲುವಂತೆ ಮಾಡಿದರೆ ಯೊಕೊಯಿಯ ಆನಿಕೆ ಹೊರಗಿನಿಂದಲೇ ಮರಳಿ ಬರುತ್ತದೆ. ಬಲಕ್ಕೆ ಒತ್ತಿದರೆ ಬಲವೊಂದೇ. ಇಂಥ ಟೋಪಿ ಮಾಡಿದವರು ಡಿ-ಪ್ಯಾಡ್ ಎಂದರೆ ಏನೆಂದು ಅರಿತವರು. ಅವರು ತೆಗೆದುಹಾಕಬಹುದಾದ ಪ್ಲಸ್ ಮಾಡಿದ್ದರಿಂದ ಪಕ್ಕದಲ್ಲಿ ಕೂತವರ ನಾಲ್ಕು ಬಟನ್‌ಗಳೂ ಉಳಿಯುತ್ತವೆ. ನಿಂಟೆಂಡೊದ ಆಲೋಚನೆಯನ್ನು ಹಾಳುಮಾಡದೆ ಅದರ ಕೊರತೆಯನ್ನಷ್ಟೇ ತಿದ್ದಿದ ಕೆಲಸ ಇದು.

ಆದರೆ ಆ ಉಬ್ಬಿನ ಎತ್ತರ ಸರಿಹೋಗಬೇಕು, ಅಲ್ಲೇ ಕೈಚಳಕ ಬೇಕಾಗುವುದು. ಉಬ್ಬು ಗಿಡ್ಡವಾದರೆ ಪ್ಲಸ್ ಮತ್ತೆ ಕುಸಿಯುತ್ತದೆ, ಬೇಡದ ಓರೆ ದಿಕ್ಕುಗಳು ನುಸುಳುತ್ತವೆ. ಎತ್ತರವಾದರೆ ಪ್ಲಸ್ ಬಟನ್‌ಗಳನ್ನು ಬಿಟ್ಟು ಮೇಲೆದ್ದು ಗಡಗಡ ಅಲುಗುತ್ತದೆ, ಬೇಕಾದ ಓರೆ ದಿಕ್ಕೇ ಸಿಗುವುದಿಲ್ಲ. ಮನೆಯ ಸಾಮಾನ್ಯ ಪ್ರಿಂಟರ್‌ಗಳು ಹೆಚ್ಚಾಗಿ 0.2 ಮಿಲಿಮೀಟರ್ ದಪ್ಪದ ಪದರಗಳಲ್ಲಿ ಮುದ್ರಿಸುತ್ತವೆ. ಈ ಕೆಲಸದಲ್ಲಿ ಒಂದು ಪದರದ ವ್ಯತ್ಯಾಸವೂ ಬೆರಳಿಗೆ ತಿಳಿಯುತ್ತದೆ. ಆದ್ದರಿಂದ ಉಬ್ಬನ್ನು ತುಸು ಗಿಡ್ಡವಾಗಿಯೇ ಮುದ್ರಿಸಿ, ಅದರ ಕೆಳಗೆ ಕಾಗದದ ಚೂರುಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗುವುದು ಒಳ್ಳೆಯ ದಾರಿ. ಜೆರಾಕ್ಸ್ ಕಾಗದದ ಒಂದು ಹಾಳೆ ಸುಮಾರು 0.1 ಮಿಲಿಮೀಟರ್, ಎಂದರೆ ಅರ್ಧ ಪದರ. ಆಮೇಲೆ ಅಂಚುಗಳನ್ನು ಎಮರಿ ಪೇಪರಿನಲ್ಲಿ ಉಜ್ಜುವುದನ್ನು ಬಿಡಬಾರದು. ಪದರದ ಗೆರೆಗಳು ಉಳಿದ ಪ್ಲಸ್ ಅರ್ಧ ಗಂಟೆಯಲ್ಲಿ ಹೆಬ್ಬೆರಳಿನ ಚರ್ಮ ಕೆಂಪಾಗಿಸುತ್ತದೆ.

ಕವಚ ಬದಲಿಸುವವರು ಇನ್ನೂ ದೂರ ಹೋಗುತ್ತಾರೆ. ಮೂರು ಮೂಲೆಯ ವೈ ಆಕಾರದ ತಿರುಪುಗಳನ್ನು ಬಿಚ್ಚಿ, ಬ್ಯಾಟರಿ ತೆಗೆದು, ತೆಳುವಾದ ರಿಬ್ಬನ್ ಕೇಬಲ್‌ಗಳನ್ನು ಕಳಚಿ, ಪ್ಲಸ್ ಆಕಾರದ ಕಿಂಡಿಯಿರುವ ಹೊಸ ಕವಚದೊಳಗೆ ಎಲ್ಲವನ್ನೂ ಮರಳಿ ಕೂರಿಸುತ್ತಾರೆ. ಕವಚವೇ ಪ್ಲಸ್‌ಗೆ ಸುತ್ತಲಿನ ಆಸರೆ ಕೊಡುವುದರಿಂದ ಅದು ತಿರುಚಿಕೊಳ್ಳುವುದಿಲ್ಲ, ಜಾರುವುದಿಲ್ಲ. ಬೆರಳಿಗೆ ಇದರಷ್ಟು ಹಿತವಾದದ್ದು ಬೇರೆ ಇಲ್ಲ. ಆದರೂ ಇದನ್ನು ಎಲ್ಲರಿಗೂ ಹೇಳಲು ನನಗೆ ಮನಸ್ಸಾಗದು. ರಿಬ್ಬನ್ ಕೇಬಲ್ ಒಂದು ಹರಿದರೆ ಅದನ್ನು ಬದಲಿಸುವವರೆಗೆ ಜಾಯ್-ಕಾನ್ ಸರಿಯಾಗಿ ನಡೆಯುವುದಿಲ್ಲ. ಅಡ್ಡ ಹಿಡಿದು ಆಡುವ ಎರಡನೆಯವರ ಬಟನ್‌ಗಳು ಕೂಡ ಇದರಲ್ಲಿ ಕಾಯಂ ಆಗಿ ಹೋಗುತ್ತವೆ. ಅಂಗಡಿಯಲ್ಲಿ ಸಿಗುವ ಪರ್ಯಾಯವೂ ಪೂರ್ತಿ ಸಮಾಧಾನ ಕೊಡಲಿಲ್ಲ. 2018ರಲ್ಲಿ ಜಪಾನಿನ ಹೋರಿ ಕಂಪನಿ ಡಿ-ಪ್ಯಾಡ್ ಇರುವ ಎಡ ಜಾಯ್-ಕಾನ್ ತಂದಿತು. ಪ್ಲಸ್ ಚೆನ್ನಾಗಿತ್ತು, ಆದರೆ ಅದಕ್ಕೆ ವೈರ್‌ಲೆಸ್ ಇರಲಿಲ್ಲ. ಯಂತ್ರಕ್ಕೆ ಸಿಕ್ಕಿಸಿದಾಗ ಮಾತ್ರ ಅದು ನಡೆಯುತ್ತಿತ್ತು. ಮರುವರ್ಷ ನಿಂಟೆಂಡೊ ತಾನೇ ಸ್ವಿಚ್ ಲೈಟ್‌ನಲ್ಲಿ ನಿಜವಾದ ಪ್ಲಸ್ ಇಟ್ಟಿತು. ಲೈಟ್‌ನ ಹಿಡಿಕೆಗಳು ಕಳಚುವುದಿಲ್ಲವಾದ್ದರಿಂದ ಅಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ.

ಕಾರ್ಖಾನೆಯ ಡಿ-ಪ್ಯಾಡ್ ಎಂದಾಕ್ಷಣ ದೋಷವಿಲ್ಲ ಎಂದಲ್ಲ. ಸ್ವಿಚ್‌ನ ಪ್ರೊ ಕಂಟ್ರೋಲರ್‌ನಲ್ಲಿ ಎಡ ಅಥವಾ ಬಲ ಒತ್ತಿದಾಗ ಮೇಲಿನ ದಿಕ್ಕೂ ಸೇರಿಕೊಳ್ಳುತ್ತದೆ ಎಂದು ದೂರಿದ ಆಟಗಾರರು ಹಲವರು. ಅವರೇ ಕಂಡುಕೊಂಡ ಮದ್ದು ಒಂದಿಷ್ಟು ಟೇಪ್: ಬೋರ್ಡಿನ ಸಂಪರ್ಕ ಜಾಗಗಳ ಅಂಚನ್ನು ಅದರಿಂದ ಮುಚ್ಚಿದರೆ ಬಿಲ್ಲೆ ಬೇಡದ ಕಡೆ ತಾಗುವುದು ನಿಲ್ಲುತ್ತದೆ. ದೊಡ್ಡ ಕಂಪನಿಯ ದುಬಾರಿ ಕಂಟ್ರೋಲರ್‌ನ ದೋಷವನ್ನು ಮನೆಯ ಮೇಜಿನ ಮೇಲೆ ಪತ್ತೆಹಚ್ಚಿ ಸರಿಪಡಿಸಿದ ಈ ಜನರ ಬಗ್ಗೆ ನನಗೆ ಅಪಾರ ಗೌರವ. ಸಂಪರ್ಕ ಎಲ್ಲಿ, ಎಷ್ಟು ಒತ್ತಡಕ್ಕೆ ಆಗುತ್ತಿದೆ ಎಂದು ಅವರು ನೋಡಿದರು. ಪ್ಲಸ್ ಅಂಟಿಸಿ ಕೈತೊಳೆದುಕೊಳ್ಳುವವರು ಕಲಿಯಬೇಕಾದ್ದು ಇದನ್ನೇ.

ಮಾಡಿದ್ದು ಸರಿಯಾಗಿದೆಯೇ ಎಂದು ತಿಳಿಯಲು ಯಂತ್ರದ ಸೆಟ್ಟಿಂಗ್ಸ್‌ನಲ್ಲೇ ಬಟನ್ ಪರೀಕ್ಷಿಸುವ ಸೌಲಭ್ಯವಿದೆ. ಪ್ಲಸ್‌ನ ನಡುಮಧ್ಯೆ ಬಲವಾಗಿ ಒತ್ತಿ: ಏನೂ ದಾಖಲಾಗಬಾರದು. ಒಂದು ದಿಕ್ಕನ್ನು ಒತ್ತಿಹಿಡಿದು ಬೆರಳಿನ ಭಾರ ಹೆಚ್ಚಿಸಿ: ಎರಡನೆಯ ದಿಕ್ಕು ಬರಬಾರದು. ಹೆಬ್ಬೆರಳನ್ನು ಸುತ್ತ ಉರುಳಿಸಿ: ಎಂಟೂ ದಿಕ್ಕು ಒಂದರ ಹಿಂದೊಂದು ಬರಬೇಕು. ಆಮೇಲೆ ಆಟ. ಸ್ಟ್ರೀಟ್ ಫೈಟರ್‌ನ ಹಡೋಕೆನ್ ಎಂಬ ದಾಳಿಗೆ ಕೆಳಗೆ, ಕೆಳ-ಬಲ, ಬಲ ಎಂದು ಬೆರಳು ಹೊರಳಿಸಿ ಗುದ್ದಿನ ಬಟನ್ ಒತ್ತಬೇಕು. ನಡುವಿನ ಓರೆ ತಪ್ಪಿದರೆ ಬರೀ ಗುದ್ದು ಬೀಳುತ್ತದೆ. ಸೆಲೆಸ್ಟ್‌ನಲ್ಲಿ ಗಾಳಿಯಲ್ಲೇ ಎಂಟು ದಿಕ್ಕಿಗೆ ನುಗ್ಗಬೇಕು, ಓರೆ ಬೇಕಾದಾಗ ಬರಬೇಕು, ಬೇಡದಾಗ ಬರಬಾರದು. ಇವೆರಡರಲ್ಲಿ ಗೆದ್ದ ಪ್ಲಸ್ ಮಿಕ್ಕ ಆಟಗಳಲ್ಲೂ ಸಾಮಾನ್ಯವಾಗಿ ನಿಲ್ಲುತ್ತದೆ.

ಟೆಟ್ರಿಸ್ 99 ಆಡುವವರಿಗೆ ಮಾತ್ರ ನನ್ನ ಮಾತು ಬೇರೆ. ಅಲ್ಲಿ ಮೇಲಿನ ದಿಕ್ಕು ಒತ್ತಿದರೆ ತುಂಡು ತಕ್ಷಣ ಕೆಳಗೆ ಬಿದ್ದು ಕೂತುಬಿಡುತ್ತದೆ. ಎಡಬಲ ಸರಿಸುವಾಗ ಬೆರಳು ತುಸು ಮೇಲಕ್ಕೆ ವಾಲಿದರೆ ಆಟವೇ ಕೆಟ್ಟಿತು. ಅವರಿಗೆ ನಾಲ್ಕು ಬಿಡಿ ಬಟನ್‌ಗಳೇ ಕ್ಷೇಮ. ಎಲ್ಲ ಆಟಕ್ಕೂ ಪ್ಲಸ್ ಬೇಕೆನ್ನುವವರ ಹಟವನ್ನು ನಾನು ಒಪ್ಪಲಾರೆ.

ಹೆಬ್ಬೆರಳು ಸರಿಯಾಗಿ ಮಡಚದವರ ಮಾತೂ ಇದೆ. ಸಂಧಿವಾತದವರು, ಕೈ ನಡುಗುವವರು, ಬೆರಳು ಗಿಡ್ಡವಾಗಿರುವ ಮಕ್ಕಳು ಕಾರ್ಖಾನೆಯ ಲೆಕ್ಕದಲ್ಲಿ ಅಷ್ಟಾಗಿ ಬರುವುದಿಲ್ಲ. ತೋಳು ಅಗಲಿಸಿದ, ನಡುವೆ ತಗ್ಗು ಕೊಟ್ಟ, ಮೇಲೆ ರಬ್ಬರ್ ಹಚ್ಚಿದ ಪ್ಲಸ್ ಒಬ್ಬರ ಕೈಗೆಂದೇ ಮುದ್ರಿಸಿಕೊಳ್ಳಬಹುದು. ಮನೆಯಲ್ಲಿ ಮಾಡುವ ಡಿ-ಪ್ಯಾಡ್ ಅಂಗಡಿಯದ್ದನ್ನು ನಿಜವಾಗಿ ಮೀರಿಸುವುದು ಇಲ್ಲಿ. ಈ ದಿಕ್ಕಿನಲ್ಲಿ ಆಗುತ್ತಿರುವ ಕೆಲಸ ಸಾಲದು.

ನನ್ನ ತೀರ್ಮಾನ ಸ್ಪಷ್ಟ. ಆನಿಕೆ ಇಲ್ಲದ ಟೋಪಿ ಮುದ್ರಿಸಲು ಖರ್ಚಾಗುವ ಪ್ಲಾಸ್ಟಿಕ್ಕೂ ದಂಡ. ಕವಚ ಬದಲಿಸುವುದು ನುರಿತ ಕೈಗಳ ಕೆಲಸ. ಆನಿಕೆ ಇರುವ, ತೆಗೆದಿಡಬಹುದಾದ ಟೋಪಿಯೇ ಬಹುಪಾಲು ಆಟಗಾರರಿಗೆ ಸರಿಯಾದದ್ದು. ತಮ್ಮ ವಿನ್ಯಾಸದ ಕಡತಗಳನ್ನು ಉಚಿತವಾಗಿ ಹಂಚುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ: ಪ್ಲಸ್‌ನ ಚಂದದ ಚಿತ್ರದ ಜೊತೆಗೆ ಅದರ ಅಡಿಭಾಗದ ಚಿತ್ರವನ್ನೂ ಹಾಕಿ, ಉಬ್ಬಿನ ಎತ್ತರ ಎಷ್ಟು, ಪದರದ ದಪ್ಪ ಎಷ್ಟು, ಯಾವ ಆಟಗಳಲ್ಲಿ ಪರೀಕ್ಷಿಸಿದಿರಿ ಎಂಬುದನ್ನು ಬರೆದು ಹಂಚಿ.