ರಿಪೋರ್ಟಿಗೆ ಜ್ವರ ಬಂದಿಲ್ಲ, ಕೂಸಿಗೆ ಬಂದದ

ಜ್ವರದ ಕೂಸಿನ ರಕ್ತ ತೆಗೆಸದ ಡಾಕ್ಟರಿಗೆ ಕೈಗುಣವಿಲ್ಲ ಎಂಬ ಮಾತು ಯಾದಗಿರಿ, ಶಹಾಪುರ, ಸುರಪುರದ ದವಾಖಾನೆಗಳ ಮುಂದೆ ಈಗ ಮಾಮೂಲು. ಕಕ್ಕೇರಾದಿಂದಲೋ ಕೆಂಭಾವಿಯಿಂದಲೋ ಒಂದು ದಿನದ ಕೂಲಿ ಬಿಟ್ಟು ಬಂದ ತಾಯಿಗೆ ‘ಏನಿಲ್ಲವ್ವ, ಎರಡು ದಿನ ಪ್ಯಾರಾಸಿಟಮಾಲ್ ಕೊಡು, ನೀರು ಕುಡಿಸು’ ಎಂದರೆ ಬರಿಗೈಲಿ ಕಳಿಸಿದಂತಾಗುತ್ತದೆ. ‘ರಕ್ತ ಚೆಕ್ ಮಾಡ್ರಿ ಸಾಹೇಬ್ರ, ಏನಾಗ್ಯದ ಗೊತ್ತಾಗ್ಲಿ’ ಅನ್ನುತ್ತಾಳೆ. ಅವಳ ಮೇಲೆ ನನಗೆ ತಕರಾರಿಲ್ಲ. ಊಹೆಗಿಂತ ಪರೀಕ್ಷೆ ಮೇಲು, ಅಂಕಿ ಸುಳ್ಳಾಡುವುದಿಲ್ಲ ಎಂದು ಅದೇ ಬೇಡಿಕೆಯನ್ನು ವಿಜ್ಞಾನವೆಂದು ಸಾರುವ ಓದಿದವರ ಮೇಲೆ ಇದೆ. ಅಂಕಿ ಸುಳ್ಳಾಡುವುದಿಲ್ಲ, ನಿಜ. ಆದರೆ ಕೇಳದ ಪ್ರಶ್ನೆಗೆ ಅದು ಉತ್ತರ ಹೇಳುತ್ತಿರುತ್ತದೆ.

ಸಿಆರ್‌ಪಿಯನ್ನೇ ನೋಡಿ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲ್ಲೆಟ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡ ಪ್ರೋಟೀನು ಇದು. ನಮ್ಮ ಮನೆಗಳಿಗೆ ಇದರ ಹೆಸರು ತಲುಪಿದ್ದು ಕೋವಿಡ್ ಕಾಲದಲ್ಲಿ. ಮೈಯಲ್ಲಿ ಎಲ್ಲೇ ಉರಿಯೂತವಾಗಲಿ, ಕಾರಣ ಬ್ಯಾಕ್ಟೀರಿಯಾ ಇರಲಿ, ವೈರಸ್ ಇರಲಿ, ಬಿದ್ದ ಪೆಟ್ಟಿರಲಿ, ಆಪರೇಷನ್ ಇರಲಿ, ಲಿವರ್ ಅದನ್ನು ರಕ್ತಕ್ಕೆ ಬಿಡುತ್ತದೆ. ನಾಯಿ ಬೊಗಳಿತು ಎಂದರೆ ಯಾರೋ ಬಂದರು ಎಂದಷ್ಟೇ. ಕಳ್ಳನೋ ಬೀಗರೋ ಎಂದು ಎದ್ದು ಹೋಗಿ ನೋಡಬೇಕು.

ಅದು ಏರುವುದಕ್ಕೂ ಹೊತ್ತು ಬೇಕು. ಉರಿಯೂತ ಶುರುವಾಗಿ ಆರೆಂಟು ತಾಸಿನ ಮೇಲೆ ಸಿಆರ್‌ಪಿ ಏರತೊಡಗಿ, ಸುಮಾರು 48 ತಾಸಿಗೆ ತುದಿ ಮುಟ್ಟುತ್ತದೆ. ಕಾರಣ ನಿಂತ ಮೇಲೆ ಹೆಚ್ಚುಕಡಿಮೆ 19 ತಾಸಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಮುಂಜಾನೆ ಜ್ವರ ಬಂದು ಮಧ್ಯಾಹ್ನ ರಕ್ತ ಕೊಟ್ಟ ಕೂಸಿಗೆ ನಿಜಕ್ಕೂ ಗಂಭೀರ ಸೋಂಕಿದ್ದರೂ ‘ನಾರ್ಮಲ್’ ಬರಬಹುದು. ಅಡಿನೋವೈರಸ್ ತಗುಲಿದ ಕೂಸಿಗೆ ಮೂರನೆಯ ದಿನ ಬೆಚ್ಚಿಬೀಳಿಸುವಷ್ಟು ಏರಿರಬಹುದು, ಅದಕ್ಕೆ ಆಂಟಿಬಯೋಟಿಕ್‌ನಿಂದ ಏನೂ ಆಗದು. ಇಲ್ಲಿ ಬೆಲೆಯಿರುವುದು ಒಂದು ಅಂಕಿಗಲ್ಲ, ದಿನದ ಅಂತರದಲ್ಲಿ ತೆಗೆದ ಎರಡಕ್ಕೆ. ನಮ್ಮಲ್ಲಿ ಎರಡನೆಯದನ್ನು ಮಾಡಿಸುವವರು ಯಾರು?

ಇನ್ನು ‘ಪಾಸಿಟಿವ್’ ಎಂಬ ಶಬ್ದ. ಸಣ್ಣ ಲ್ಯಾಬುಗಳಲ್ಲಿ ಗಾಜಿನ ಪಟ್ಟಿಯ ಮೇಲೆ ಲ್ಯಾಟೆಕ್ಸ್ ಹನಿ ಬೆರೆಸಿ ನೋಡುವ ಪರೀಕ್ಷೆ ಸಾಮಾನ್ಯವಾಗಿ ಲೀಟರಿಗೆ 6 ಮಿಲಿಗ್ರಾಂ ಆಸುಪಾಸಿನಲ್ಲೇ ಪಾಸಿಟಿವ್ ಅನ್ನುತ್ತದೆ. ಬರೀ ನೆಗಡಿಗೂ ಅಷ್ಟು ಏರುತ್ತದೆ. ಕೆಲವು ರಿಪೋರ್ಟುಗಳಲ್ಲಿ ಲೆಕ್ಕ ಲೀಟರಿಗೆ, ಕೆಲವುಗಳಲ್ಲಿ ಡೆಸಿಲೀಟರಿಗೆ. ನಡುವೆ ಹತ್ತು ಪಟ್ಟು ವ್ಯತ್ಯಾಸ. ಒಂದೆಡೆಯ 2.4 ಇನ್ನೊಂದೆಡೆಯ 24. ಎರಡು ಲ್ಯಾಬಿನ ಎರಡು ಚೀಟಿ ಪಕ್ಕಪಕ್ಕ ಇಟ್ಟು ‘ಒಮ್ಮೆಲೇ ಏರಿಬಿಟ್ಟಾದ’ ಎಂದು ಗಾಬರಿಬಿದ್ದು ಕಲಬುರಗಿಗೆ ಗಾಡಿ ಮಾಡುವ ಮುನ್ನ ಅಂಕಿಯ ಪಕ್ಕದ ಆ ಸಣ್ಣ ಅಕ್ಷರ ಓದಬೇಕು.

ಇಎಸ್‌ಆರ್ ನಮ್ಮ ಸೀಮೆಯಲ್ಲಿ ಇನ್ನೂ ನಿರುಪಯೋಗಿ. ನಿಲ್ಲಿಸಿದ ಕೊಳವೆಯಲ್ಲಿ ಕೆಂಪು ರಕ್ತಕಣಗಳು ಒಂದು ತಾಸಿಗೆ ಎಷ್ಟು ಮಿಲಿಮೀಟರ್ ಇಳಿದವು ಎಂಬುದಷ್ಟೇ ಅದರ ಲೆಕ್ಕ. ರಕ್ತಹೀನತೆ ಇದ್ದರೆ ಸೋಂಕಿಲ್ಲದೆಯೂ ಬೇಗ ಇಳಿಯುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ. ಇಂಥ ಕಡೆ ಇಎಸ್‌ಆರ್ 40 ಎಂದು ಕಂಡೊಡನೆ ‘ಟಿಬಿ ಇದ್ದೀತು’ ಎಂದು ಕಿವಿಯಲ್ಲಿ ಹೇಳುವುದು ಹೊಣೆಗೇಡಿತನ. ಆ ಕೂಸಿಗೆ ಬೇಕಾದದ್ದು ಬಹುಶಃ ಕಬ್ಬಿಣಾಂಶದ ಔಷಧ, ಜಂತಿನ ಗುಳಿಗೆ. ಟಿಬಿ ಅನುಮಾನ ನಿಜವಾಗಿಯೂ ಇದ್ದರೆ ಎಕ್ಸ್‌-ರೇ, ಕಫದ ಸಿಬಿನ್ಯಾಟ್ ಪರೀಕ್ಷೆಗಳಿವೆ.

ಎಎಸ್‌ಒ ಎಂಬ ಇನ್ನೊಂದು ರಕ್ತಪರೀಕ್ಷೆಯ ಕತೆ ಇನ್ನೂ ಉದ್ದ, ಯಾಕೆಂದರೆ ಅದು ವರ್ಷಗಟ್ಟಲೆ ಸೂಜಿ ಚುಚ್ಚಿಸುತ್ತದೆ. ಶಾಲೆಗೆ ಹೋಗುವ ಹುಡುಗ ರಾತ್ರಿ ಕಾಲು ನೋವೆಂದು ಅಳುತ್ತಾನೆ. ಎಎಸ್‌ಒ 200 ದಾಟಿದೆ. ರುಮ್ಯಾಟಿಕ್ ಜ್ವರವೆಂದು ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಶುರು. ಗಂಟಲಿಗೆ ಸ್ಟ್ರೆಪ್ಟೊಕಾಕಸ್ ಬಂದುಹೋಗಿದೆ ಎಂಬುದಷ್ಟನ್ನೇ ಎಎಸ್‌ಒ ಹೇಳುತ್ತದೆ, ಅದು ಬಂದುಹೋಗದ ಮಕ್ಕಳು ಕಡಿಮೆ. ರುಮ್ಯಾಟಿಕ್ ಜ್ವರ ಗುರುತಿಸುವ ಜೋನ್ಸ್ ಮಾನದಂಡಗಳು 2015ರಲ್ಲಿ ಪರಿಷ್ಕಾರಗೊಂಡಾಗಲೂ ಇಎಸ್‌ಆರ್, ಸಿಆರ್‌ಪಿಗಳನ್ನು ಕಿರಿಯ ಲಕ್ಷಣಗಳ ಸಾಲಿನಲ್ಲೇ ಉಳಿಸಿದವು. ಊದಿದ ಕೀಲು, ಹೃದಯದ ಕವಾಟದ ತೊಂದರೆಯಂಥ ಹಿರಿಯ ಲಕ್ಷಣ ಮೊದಲು ಬೇಕು. ನಿಜಕ್ಕೂ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಆ ಸೂಜಿ ಜೀವದಾನ, ತಪ್ಪಿಸಲೇಬಾರದು. ಬೆಳೆಯುವ ಕಾಲಿನ ನೋವಿಗೆ ಅದು ದಂಡ. ಅದೇ ಚೀಟಿಯಲ್ಲಿ ಜೊತೆಗೇ ಬರುವ 1896ರ ವಿಡಾಲ್ ಪರೀಕ್ಷೆಯ ಬಗ್ಗೆ ಬೇರೆಯೇ ಬರೆಯಬೇಕು. ಹಳೆಯ ಸೋಂಕಿಗೂ ಏರುವ ಅದನ್ನು ಒಂದೇ ಸಲ ನೋಡಿ ಟೈಫಾಯಿಡ್ ಅನ್ನಲಾಗದು ಎಂದಷ್ಟು ಸಾಕು.

ಎದುರು ವಾದ ಗಟ್ಟಿಯಾಗಿದೆ, ಮುಚ್ಚಿಡಲಾರೆ. ವಿಯೆಟ್ನಾಮಿನ ಹನೋಯ್ ಸುತ್ತಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಮ್ಮು-ನೆಗಡಿಯ ಸುಮಾರು 2,000 ಮಂದಿಯ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ಥಳದಲ್ಲೇ ಸಿಆರ್‌ಪಿ ನೋಡಿದ್ದರಿಂದ ಆಂಟಿಬಯೋಟಿಕ್ ಪಡೆದವರ ಪ್ರಮಾಣ ಶೇ. 78ರಿಂದ 64ಕ್ಕೆ ಇಳಿಯಿತು. ಆದರೆ ಅಲ್ಲಿ ಅಂಕಿ ಕಡಿಮೆ ಬಂದರೆ ಔಷಧ ಬೇಡ ಎಂಬ ಕಟ್ಟಳೆ ಮೊದಲೇ ಇತ್ತು. ನಮ್ಮಲ್ಲಿ ಏರಿದರೆ ಆಂಟಿಬಯೋಟಿಕ್, ಏರದಿದ್ದರೆ ‘ಇರ್ಲಿ, ಸೇಫ್ಟಿಗೆ’ ಅದೇ ಆಂಟಿಬಯೋಟಿಕ್. ಜೊತೆಗೊಂದು ಸಲಾಯಿನ್ ಬಾಟ್ಲಿ. ಯಾವ ಉತ್ತರ ಬಂದರೂ ಮದ್ದು ಬದಲಾಗದಿದ್ದರೆ ಆ ಪರೀಕ್ಷೆಯಿಂದ ಕೂಸಿಗೆ ಬಂದದ್ದು ಸೂಜಿಯ ನೋವು ಮಾತ್ರ.

ಆಗ ನೋಡಬೇಕಾದ್ದು ತಪ್ಪುತ್ತದೆ. ಹಾಲು ಬಿಟ್ಟಿತೇ, ಕುಡಿದದ್ದೆಲ್ಲ ವಾಂತಿಯೇ, ಫಿಟ್ಸ್ ಬಂತೇ, ಎಬ್ಬಿಸಿದರೂ ಮಂಕಾಗಿದೆಯೇ, ಎದೆ ಒಳಗೆ ಸೆಳೆಯುತ್ತಿದೆಯೇ ಎಂಬುದು ನಮ್ಮ ಆಶಾ ಕಾರ್ಯಕರ್ತೆಯರಿಗೂ ಗೊತ್ತು. ವರ್ಷ ತುಂಬಿದ ಮಗು ನಿಮಿಷಕ್ಕೆ 40 ಅಥವಾ ಮೇಲೆ, ಎರಡು ತಿಂಗಳಿಂದ ವರ್ಷದೊಳಗಿನದು 50 ಅಥವಾ ಮೇಲೆ ಉಸಿರಾಡಿದರೆ ನ್ಯುಮೋನಿಯಾದ ಅನುಮಾನ. ಎಣಿಸಲು ಕೈಗಡಿಯಾರ ಸಾಕು. ಮಳೆಗಾಲದ ಡೆಂಗಿಯಲ್ಲಿ ಜ್ವರ ಬಿಟ್ಟ ದಿನವೇ ಅಪಾಯ, ಅಲ್ಲಿ ನೋಡಬೇಕಾದ್ದು ಪ್ಲೇಟ್‌ಲೆಟ್, ಹಿಮಾಟೊಕ್ರಿಟ್, ಕೂಸಿನ ಮೂತ್ರ, ಕೈಕಾಲಿನ ತಂಪು. ಮೂರು ತಿಂಗಳೊಳಗಿನ ಹಸುಗೂಸಿಗೆ ಮಾತ್ರ ನನ್ನ ವಾದ ಹಚ್ಚಬೇಡಿ. ಅದಕ್ಕೆ ಜ್ವರ ಬಂದರೆ ಮನೆಯಲ್ಲಿ ಕಾಯದೆ ದೊಡ್ಡ ದವಾಖಾನೆಗೆ ಒಯ್ಯಬೇಕು, ರಕ್ತವನ್ನೂ ತೆಗೆಯಬೇಕು.

ಮುಂದಿನ ಸಲ ಲ್ಯಾಬ್ ಚೀಟಿ ಕೈಗೆ ಬಂದಾಗ ಡಾಕ್ಟರನ್ನು ಒಂದು ಮಾತು ಕೇಳಿ: ‘ಇದು ಕಮ್ಮಿ ಬಂದ್ರ ಯಾವ ಔಷಧ ಬಿಡಿಸ್ತೀರಿ ಸಾಹೇಬ್ರ?’ ಉತ್ತರವಿದ್ದರೆ ರಕ್ತ ಕೊಡಿ.