ಏಳನೆಯ ತಿಂಗಳ ಹಾಳೆ

ತಂಗಿಯ ನೆಗೆಣ್ಣಿ ಬಬಲೇಶ್ವರದಿಂದ ತಂದುಕೊಟ್ಟ ಪುಸ್ತಿಕೆಯನ್ನು ನಾನು ಓದಿದ್ದು ತಡವಾಗಿ. ಬೈಪೋಲಾರ್ ಕಾಯಿಲೆಯನ್ನು ಹೋಮಿಯೋಪಥಿ ಬೇರುಸಹಿತ ಕೀಳುತ್ತದೆಂದು ಅದರ ವಾದ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ, ಕೆಂಪು ಪೆನ್ನು ಹಿಡಿದೇ ಕುಳಿತೆ. ಅದರಲ್ಲಿನ ಕಥೆಗಳೆಲ್ಲ ಒಂದೇ ಕಡೆ ಮುಗಿಯುತ್ತವೆ: ಆರು ತಿಂಗಳಲ್ಲಿ ರೋಗಿ ಶಾಂತಳಾದಳು. ಏಳನೆಯ ತಿಂಗಳು ಏನಾಯಿತು? ಆ ಹಾಳೆಯೇ ಇಲ್ಲ.

ಈ ಕಾಯಿಲೆಯ ಸ್ವಭಾವವೇ ಹಾಗೆ. ಕೆಲವು ವಾರ ನಿದ್ದೆಯಿಲ್ಲದ ಅಬ್ಬರ, ಕೆಲವು ತಿಂಗಳು ಹಾಸಿಗೆ ಬಿಟ್ಟೇಳದ ಕುಸಿತ, ನಡುವೆ ಏನೂ ಆಗಿಲ್ಲವೆಂಬಂಥ ದಿನಗಳು. ಔಷಧಿಯಿಲ್ಲದೆಯೂ ಅಬ್ಬರ ಇಳಿಯುತ್ತದೆ, ಮತ್ತೆ ಏರುತ್ತದೆ. ಇಳಿಯುವಾಗ ಕೈಯಲ್ಲಿ ಯಾವ ಗುಳಿಗೆ ಇತ್ತೋ ಕೀರ್ತಿ ಅದಕ್ಕೆ.

ತಂಗಿ ನೆಟ್ಟಗಿದ್ದಾಗಲೇ ಲಿಥಿಯಂ ಬಿಟ್ಟು ಸಕ್ಕರೆಗುಳಿಗೆ ಹಿಡಿದಳು. "ಅಕ್ಕಾ, ನಾ ಈಗ ಚೊಲೋ ಅದೀನಲ್ಲ. ರಕ್ತಾ ತಗಿಸೋದು, ಕೈ ನಡಗೋದು ಇನ್ನ ಯಾಕ ಬೇಕು?" ಅಂದಳು. ನಾನೂ ಸುಮ್ಮನಾದೆ. ಲಿಥಿಯಂ ಒಮ್ಮೆಲೇ ಬಿಟ್ಟರೆ ಕಾಯಿಲೆ ಮರುಕಳಿಸುವ ಭಯ ಹೆಚ್ಚೆಂದು ಆಗ ಗೊತ್ತಿರಲಿಲ್ಲ. ಐದು ತಿಂಗಳಿಗೆ ಅವಳ ಗಂಡನ ಫೋನು. ವಿಜಯಪುರದಿಂದ ಬಸ್ಸು ಹಿಡಿದು ತಿಕೋಟಾಕ್ಕೆ ಹೋದರೆ, ಉದ್ರಿ ತಂದ ಹದಿನಾಲ್ಕು ಇಳಕಲ್ ಸೀರೆಗಳನ್ನು ಓಣಿಯ ಹೆಂಗಸರಿಗೆಲ್ಲ ಹಂಚುತ್ತಿದ್ದಾಳೆ. ನಾಲ್ಕು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ನನಗೂ ಒಂದು ಸೀರೆ ಕೊಟ್ಟು ಕುಂಕುಮ ಹಚ್ಚಿದಳು. ಮರುದಿನ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ಕರೆದೊಯ್ದೆವು.

ಒಂದು ಮಾತು ಒಪ್ಪಲೇಬೇಕು. ಆ ಹೋಮಿಯೋಪಥಿ ವೈದ್ಯರು ತಾಸುಗಟ್ಟಲೆ ಅವಳ ಕನಸು, ಸಿಟ್ಟು, ನಿದ್ದೆ ಎಲ್ಲ ಕೇಳಿದ್ದರು. ಮನೆಯಲ್ಲಿ ನಾವ್ಯಾರೂ ಅಷ್ಟು ಕೇಳಿರಲಿಲ್ಲ. ಈ ಪದ್ಧತಿಯ ಮೂಲಪುರುಷ ಜರ್ಮನಿಯ ಹಾನೆಮನ್ 1792ರಲ್ಲಿ ಬುದ್ಧಿ ಕೆಟ್ಟ ಅಧಿಕಾರಿಯೊಬ್ಬನನ್ನು ಕಟ್ಟದೆ, ಹೊಡೆಯದೆ, ಮರ್ಯಾದೆಯಿಂದ ನೋಡಿಕೊಂಡವನು. ಹೋಮಿಯೋಪಥಿಯ ತತ್ವವನ್ನು ಪ್ರಕಟಿಸಿದ್ದು 1796ರಲ್ಲಿ. ಗುಳಿಗೆಗಿಂತ ಮೊದಲು ಬಂದದ್ದು ಆ ಮರ್ಯಾದೆ!

ಗುಳಿಗೆಯ ಮಾತು ಬೇರೆ. 30ರ ಶಕ್ತಿಯೆಂದರೆ ನೂರಕ್ಕೊಂದರಂತೆ ಮೂವತ್ತು ಸಲ ತೆಳ್ಳಗೆ ಮಾಡಿದ್ದು. ಮೂಲವಸ್ತುವಿನ ಒಂದು ಅಣುವೂ ಅದರಲ್ಲಿ ಉಳಿದಿರುವುದಿಲ್ಲ. 2015ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧನಾ ಮಂಡಳಿ ಇದ್ದಬದ್ದ ಅಧ್ಯಯನಗಳನ್ನೆಲ್ಲ ಜಾಲಾಡಿ, ಯಾವ ಕಾಯಿಲೆಗೂ ಇದು ಫಲಕಾರಿಯೆನ್ನಲು ನಂಬುವಂಥ ಪುರಾವೆ ಇಲ್ಲವೆಂದಿತು. ಉನ್ಮಾದಕ್ಕೆ ಲಿಥಿಯಂ ನಾಟುತ್ತದೆಂದು 1949ರಲ್ಲಿ ತೋರಿಸಿದ ಜಾನ್ ಕೇಡ್ ಕೂಡ ಆ ದೇಶದವನೇ. ಅದು ಮೂತ್ರಪಿಂಡ, ಥೈರಾಯ್ಡ್‌ಗಳನ್ನು ಕಾಡಬಹುದು. ರಕ್ತ ಪರೀಕ್ಷೆ ಅದಕ್ಕೇ. ಪುಸ್ತಿಕೆ ಈ ತೊಂದರೆಗಳನ್ನಷ್ಟೇ ದಪ್ಪಕ್ಷರದಲ್ಲಿ ಅಚ್ಚು ಹಾಕಿದೆ.

ತಂಗಿ ಈಗ ಊಟವಾದ ಮೇಲೆ ತಾನೇ ಗುಳಿಗೆ ತೆಗೆದುಕೊಳ್ಳುತ್ತಾಳೆ. ಹದಿನಾಲ್ಕರಲ್ಲಿ ಒಂಬತ್ತು ಸೀರೆ ಅಂಗಡಿಗೆ ಮರಳಿದವು. ಉಳಿದವುಗಳ ಸಾಲವನ್ನು ಅವಳೇ ತಿಂಗಳಿಗಿಷ್ಟೆಂದು ತೀರಿಸುತ್ತಿದ್ದಾಳೆ, ನಾನು ಕೊಡುತ್ತೇನೆಂದರೂ ಕೇಳದೆ.